ದೊಡ್ಡ ಮೀನಿನ ತೊಟ್ಟಿ ಇಡಿಸುವವರೇ, ಮೊದಲು ಪೈಪಿನ ಲೆಕ್ಕ ಹಾಕಿ

ಮನೆಯಲ್ಲಿ ದೊಡ್ಡ ಅಕ್ವೇರಿಯಂ ಇಡಿಸಲು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ಕಳೆದ ಮೇ ತಿಂಗಳ ಒಂದು ರಾತ್ರಿ ನಮ್ಮ ತೊಟ್ಟಿಯ ನೀರು ನಡುಮನೆಯ ನೆಲಕ್ಕೆ ಹರಿದು, ಅಲ್ಲಿಂದ ಕೆಳಮನೆಯ ಚಾವಣಿಗೆ ಇಳಿಯಿತು. ಗಾಜು ಒಡೆದಿರಲಿಲ್ಲ, ಸಿಲಿಕಾನ್ ಅಂಟು ಬಿಟ್ಟಿರಲಿಲ್ಲ. ಪೈಪು ಜೋಡಿಸಿದ ಕ್ರಮವೇ ತಪ್ಪಾಗಿತ್ತು, ಆ ತಪ್ಪು ಏಳು ತಿಂಗಳಿಂದ ನಮ್ಮ ಕಣ್ಣೆದುರೇ ಇತ್ತು.

ನಮ್ಮದು ಮೈಸೂರಿನಲ್ಲಿ ಮೊದಲ ಮಹಡಿಯ ಮನೆ. ತೊಟ್ಟಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಹಿಡಿಯುವ ನೀರು ಸುಮಾರು 680 ಲೀಟರ್. ಕೆಳಗಿನ ಮರದ ಪೆಟ್ಟಿಗೆಯೊಳಗೆ ನೀರು ಸೋಸಲು ಇನ್ನೊಂದು ಗಾಜಿನ ತೊಟ್ಟಿ. ಅದನ್ನು ಅಂಗಡಿಯವರು ಸಂಪ್ ಎನ್ನುತ್ತಾರೆ. ನಮ್ಮ ಕಡೆ ಸಂಪು ಎಂದರೆ ಮನೆಯ ಮುಂದೆ ನೆಲದಡಿಯಲ್ಲಿರುವ ನೀರಿನ ತೊಟ್ಟಿ ಆದ್ದರಿಂದ ನಾನು ಇದನ್ನು ಕೆಳತೊಟ್ಟಿ ಎಂದೇ ಕರೆಯುತ್ತೇನೆ. ಮೇಲಿನ ತೊಟ್ಟಿಯ ನೀರು ಒಂದು ಪೈಪಿನಲ್ಲಿ ತಾನಾಗಿ ಕೆಳಗಿಳಿಯುತ್ತದೆ, ಸ್ಪಂಜು ಮತ್ತು ಸೆರಾಮಿಕ್ ಉಂಗುರಗಳ ನಡುವೆ ಹಾದು ಕೊನೆಯ ಖಾನೆಗೆ ಬರುತ್ತದೆ, ಅಲ್ಲಿಂದ ಪಂಪು ಇನ್ನೊಂದು ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ವ್ಯವಸ್ಥೆ ಒಳ್ಳೆಯದೇ. ನಾಲ್ಕು ಆಸ್ಕರ್ ಮೀನುಗಳಂಥ ಹೊಟ್ಟೆಬಾಕಗಳಿಗೆ ಇದಕ್ಕಿಂತ ಚಿಕ್ಕ ಫಿಲ್ಟರ್ ಸಾಲುವುದೂ ಇಲ್ಲ.

ಆದರೆ ನಾವು ಮೊದಲು ತೊಟ್ಟಿ ಕೊಂಡೆವು, ಆಮೇಲೆ ಪೆಟ್ಟಿಗೆ ಮಾಡಿಸಿದೆವು, ಎಲ್ಲ ಮುಗಿದ ಮೇಲೆ ಪ್ಲಂಬರ್ ಅವರನ್ನು ಕರೆದೆವು. ಸ್ನಾನದ ಮನೆ, ಓವರ್‌ಹೆಡ್ ಟ್ಯಾಂಕಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವರು ಅವರು. ಮೀನಿನ ತೊಟ್ಟಿಗೆ ಪೈಪು ಹಾಕಿದ್ದು ಅದೇ ಮೊದಲು. ನಾನೂ ಕಾಗದದ ಮೇಲೆ ಒಂದು ಚಿತ್ರ ಬರೆದುಕೊಟ್ಟಿರಲಿಲ್ಲ. ಅಂಗಡಿಯವರು ನೀರು ತುಂಬಿಸಿ ಒಂದು ದಿನ ಬಿಟ್ಟು ಸೋರಿಕೆ ಇಲ್ಲ ಎಂದು ತೋರಿಸಿ ಹೋದರು. ಪರೀಕ್ಷೆ ಎಂದರೆ ಅಷ್ಟೇ ಎಂದು ನಾನು ನಂಬಿದೆ.

ಮೊದಲ ಸೂಚನೆ ಮೂರನೇ ತಿಂಗಳಲ್ಲಿ ಸಿಕ್ಕಿತು. ಕೆಳಗಿಳಿಯುವ ಪೈಪು ಒಂದೇ ಇತ್ತು. ನೀರಿನ ಜೊತೆ ಗಾಳಿಯನ್ನೂ ಎಳೆದುಕೊಂಡು ಅದು ಹಗಲೂ ರಾತ್ರಿ ಗೊಳಗೊಳ ಸದ್ದು ಮಾಡುತ್ತಿತ್ತು. ಅಮ್ಮನಿಗೆ ನಿದ್ದೆ ಬರುತ್ತಿಲ್ಲ ಎಂದಾಗ ಪ್ಲಂಬರ್ ಬಂದು ಆ ಪೈಪಿನ ಬಾಲ್ ವಾಲ್ವನ್ನು ಅರ್ಧ ತಿರುಗಿಸಿದರು. ಸದ್ದು ನಿಂತಿತು, ನಮಗೆಲ್ಲ ಸಂತೋಷವಾಯಿತು. ನಾಲ್ಕೇ ದಿನಕ್ಕೆ, ನೀರಿಗೆ ಹಾಕಿದ್ದ ಕಾಡುಬಾದಾಮಿ ಎಲೆಯ ಒಂದು ಚೂರು ಕೊಳೆತು ಬಂದು ವಾಲ್ವಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತು. ಇಳಿಯುವ ನೀರು ಕಡಿಮೆಯಾಯಿತು, ಪಂಪು ಮಾತ್ರ ತನ್ನ ಪಾಡಿಗೆ ಮೇಲಕ್ಕೆ ತಳ್ಳುತ್ತಲೇ ಇತ್ತು. ಕೊನೆಯ ಖಾನೆಯಲ್ಲಿದ್ದ 30 ಲೀಟರ್ ನೀರು ಪೂರ್ತಿ ಮೇಲೆ ಹೋಯಿತು. ಮೇಲಿನ ತೊಟ್ಟಿಯ ಅಂಚಿನವರೆಗೆ ಉಳಿದಿದ್ದ ಜಾಗ ಎರಡು ಸೆಂಟಿಮೀಟರ್, ಅಂದರೆ 22 ಲೀಟರ್ ಮಾತ್ರ. ಮಿಕ್ಕಿದ್ದು ಗಾಜಿನ ಮೇಲಿಂದ ಧಾರೆಯಾಗಿ ಇಳಿಯಿತು. ನಾನು ಮನೆಯಲ್ಲೇ ಇದ್ದೆ. ಒರೆಸಿದೆ, ಎಲೆ ತೆಗೆದೆ, ವಾಲ್ವು ಸ್ವಲ್ಪ ಸಡಿಲಿಸಿದೆ, ಮರೆತೆ. ಅಲ್ಲಿಗೇ ನಿಲ್ಲಿಸಿ ಇಡೀ ಜೋಡಣೆಯನ್ನು ನೋಡಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಇಳಿಯುವ ಪೈಪು ಒಂದೇ ಇದ್ದರೆ ಅದಕ್ಕೆ ಯಾವ ಕಾರಣಕ್ಕೂ ವಾಲ್ವು ಹಾಕಿ ಬಿಗಿಸಬೇಡಿ. ಸದ್ದು ಬೇಡವಾದರೆ ಎರಡು ಪೈಪು ಹಾಕಿಸಿ. ಒಂದಕ್ಕೆ ವಾಲ್ವು ಇಟ್ಟು, ಗಾಳಿ ಸೇರದಂತೆ ನೀರು ತುಂಬಿ ಹರಿಯುವ ಹಾಗೆ ಹದ ಮಾಡಬೇಕು. ಎರಡನೆಯದರ ಬಾಯಿ ನೀರಿನ ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಮೇಲೆ, ಪೂರ್ತಿ ತೆರೆದು, ಖಾಲಿಯಾಗಿ ಇರಬೇಕು. ಮೊದಲನೆಯದು ಕಟ್ಟಿಕೊಂಡ ದಿನ ನೀರು ಎರಡನೆಯದರೊಳಗೆ ಬೀಳುತ್ತದೆ, ಆ ಸದ್ದೇ ನಿಮ್ಮನ್ನು ಕರೆಯುತ್ತದೆ. ಎರಡೂ ಪೈಪುಗಳು ಮೇಲೇರುವ ಪೈಪಿಗಿಂತ ದಪ್ಪವಿರಲಿ. ನಮ್ಮಲ್ಲಿ ಈಗ ಇಳಿಯುವವು ಒಂದೂವರೆ ಇಂಚು, ಏರುವುದು ಒಂದು ಇಂಚು.

ಇನ್ನು ಆ ರಾತ್ರಿಯ ವಿಷಯ. ಮಳೆ ಗಾಳಿಗೆ ಒಂದು ಗಂಟೆಯ ಹೊತ್ತಿಗೆ ಕರೆಂಟ್ ಹೋಯಿತು. ಇನ್ವರ್ಟರ್ ಇರುವುದರಿಂದ ಫ್ಯಾನು ತಿರುಗುತ್ತಲೇ ಇತ್ತು, ಯಾರಿಗೂ ಎಚ್ಚರವಾಗಲಿಲ್ಲ. ಪಂಪು ಇನ್ವರ್ಟರಿನಲ್ಲಿ ಇರಲಿಲ್ಲ, ಅದು ನಿಂತಿತು. ಮೇಲೇರುವ ಪೈಪಿನ ಬಾಯಿ ನೀರಿನ ಮಟ್ಟದಿಂದ ಹತ್ತು ಸೆಂಟಿಮೀಟರ್ ಆಳದಲ್ಲಿತ್ತು. ಡಬ್ಬದಿಂದ ಸೀಮೆಎಣ್ಣೆಯನ್ನು ಪೈಪಿನಲ್ಲಿ ಎಳೆದು ಬಿಟ್ಟರೆ ಹೇಗೆ ತಾನಾಗಿ ಸುರಿಯುತ್ತದೋ, ಹಾಗೆಯೇ ತೊಟ್ಟಿಯ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹರಿಯತೊಡಗಿತು. ಪೈಪಿನ ಬಾಯಿಗೆ ಗಾಳಿ ಸಿಗುವವರೆಗೆ ಅದು ನಿಲ್ಲುವುದಿಲ್ಲ. ಇದನ್ನು ತಡೆಯಲೆಂದೇ ಪ್ಲಂಬರ್ ನಡುವೆ ಒಂದು ಎನ್‌ಆರ್‌ವಿ ಹಾಕಿದ್ದರು. ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವು. ‘ಇದು ಇರುವವರೆಗೆ ಹೆದರಬೇಡಿ ಸರ್’ ಎಂದಿದ್ದರು. ಆರೇಳು ತಿಂಗಳು ಅದು ಕೆಲಸ ಮಾಡಿತು ಕೂಡ. ಆ ರಾತ್ರಿ ಮುಚ್ಚಿಕೊಳ್ಳಲಿಲ್ಲ.

ಈ ಲೆಕ್ಕವನ್ನು ದಯವಿಟ್ಟು ನಿಮ್ಮ ತೊಟ್ಟಿಗೂ ಹಾಕಿ ನೋಡಿ. ತೊಟ್ಟಿಯ ಉದ್ದ 183 ಸೆಂಟಿಮೀಟರ್, ಅಗಲ 61. ಗುಣಿಸಿ 1000ದಿಂದ ಭಾಗಿಸಿದರೆ 11.16. ಅಂದರೆ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಹನ್ನೊಂದು ಲೀಟರಿಗೂ ಮೇಲೆ ನೀರು ಕೆಳಗೆ ಬರುತ್ತದೆ. ಹತ್ತು ಸೆಂಟಿಮೀಟರಿಗೆ 111 ಲೀಟರ್. ಪೈಪುಗಳಲ್ಲಿ ನಿಂತದ್ದೂ ಸೇರಿದರೆ ಇನ್ನಷ್ಟು. ನಮ್ಮ ಕೆಳತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ 190 ಲೀಟರ್, ಪಂಪು ಓಡುತ್ತಿರುವಾಗ ಅದರಲ್ಲಿ ಇರುವುದು ಸುಮಾರು 120. ಉಳಿದ ಜಾಗ 70 ಲೀಟರ್. ಹೀಗಾಗಿ ನಲವತ್ತು ಲೀಟರಿಗೂ ಹೆಚ್ಚು ನೀರು ಕೆಲವೇ ನಿಮಿಷಗಳಲ್ಲಿ ನೆಲಕ್ಕೆ ಹೋಯಿತು. ತೊಟ್ಟಿ ಕೊಳ್ಳುವ ಮೊದಲೇ ಪೆನ್ನು ಹಿಡಿದು ಕೂತಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿದ್ದ ಸಂಗತಿ ಇದು.

ಬೆಳಗಿನ ಜಾವ ಬಾಗಿಲು ಬಡಿದ ಸದ್ದಾಯಿತು. ಕೆಳಮನೆಯ ನಿವೃತ್ತ ಮೇಷ್ಟ್ರು ಟಾರ್ಚ್ ಹಿಡಿದು ನಿಂತಿದ್ದರು. ‘ನಮ್ಮ ದೇವರ ಮನೆಯ ಮುಂದಿನ ದೀಪದಿಂದ ನೀರು ತೊಟ್ಟಿಕ್ಕುತ್ತಿದೆಯಪ್ಪ, ಸ್ವಲ್ಪ ನೋಡುತ್ತೀಯಾ’ ಎಂದರು. ಟೈಲ್ಸಿನ ಸಂದಿಗಳಿಂದ ಇಳಿದ ನೀರು ಕಾಂಕ್ರೀಟಿನೊಳಗಿನ ವೈರಿನ ಪೈಪು ಸೇರಿ, ಅವರ ಮನೆಯ ದೀಪದ ಡಬ್ಬಿಯಿಂದ ಹನಿಯುತ್ತಿತ್ತು. ಅಷ್ಟರಲ್ಲಿ ಅಮ್ಮ ಎದ್ದು ನಡುಮನೆಗೆ ಬಂದುಬಿಟ್ಟಿದ್ದರು, ಬರಿಗಾಲಿನಲ್ಲಿ. ನಮ್ಮ ಎಕ್ಸ್‌ಟೆನ್ಷನ್ ಬೋರ್ಡು ಪೆಟ್ಟಿಗೆಯ ತಳದಲ್ಲೇ, ಕೆಳತೊಟ್ಟಿಯ ಪಕ್ಕದಲ್ಲೇ ಬಿದ್ದಿತ್ತು, ಪೂರ್ತಿ ನೆನೆದಿತ್ತು. ನಡುವೆ ಯಾವಾಗಲೋ ಕರೆಂಟ್ ಬಂದಿದೆ. ಬಂದ ಕ್ಷಣವೇ ಆರ್‌ಸಿಸಿಬಿ ಬಿದ್ದು ಮನೆಯ ವಿದ್ಯುತ್ತನ್ನು ಕಡಿದಿದೆ. 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಹಾಕುವ ಆ ಸಾಧನವನ್ನು ಮನೆ ಕಟ್ಟುವಾಗ ಎಲೆಕ್ಟ್ರಿಷಿಯನ್ ಒತ್ತಾಯ ಮಾಡಿ ಹಾಕಿಸಿದ್ದರು. ಕರೆಂಟ್ ಮಿತಿಮೀರಿ ಹರಿದಾಗ ಮಾತ್ರ ಬೀಳುವ ಎಂಸಿಬಿ ಒಂದೇ ಇದ್ದಿದ್ದರೆ ಅಷ್ಟು ಸಣ್ಣ ಸೋರಿಕೆಗೆ ಅದು ಬೀಳುತ್ತಿರಲಿಲ್ಲ. ಆ ನೀರಿನಲ್ಲಿ ಅಮ್ಮ ನಿಂತಿದ್ದ ದೃಶ್ಯ ನೆನಪಾದರೆ ಈಗಲೂ ನನಗೆ ಕೈ ನಡುಗುತ್ತದೆ.

ಆದ್ದರಿಂದ ಪೈಪಿನ ಮಾತಿಗಿಂತ ಮೊದಲು ಇದು: ತೊಟ್ಟಿಯ ಸಾಕೆಟ್ಟುಗಳು ಗೋಡೆಯ ಮೇಲೆ, ಕೆಳತೊಟ್ಟಿಯ ಅಂಚಿಗಿಂತ ಎತ್ತರದಲ್ಲಿ ಇರಲಿ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಲಿ. ವೈರಿನ ಗುಂಟ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಇಂಥ ತೊಟ್ಟಿ ಬೇಡವೇ ಬೇಡ.

ನೆಲ ಒರೆಸಿದ ಮೇಲೆ ಪಂಪನ್ನು ಬೇರೆ ಸಾಕೆಟ್ಟಿಗೆ ಹಾಕಿ ಮೇಷ್ಟ್ರ ಮನೆಗೆ ಓಡಿದೆ. ಅಲ್ಲೂ ಒಂದು ತಪ್ಪು. ಈ ವ್ಯವಸ್ಥೆಯಲ್ಲಿ ನೀರು ಎಷ್ಟೇ ಕಡಿಮೆಯಾದರೂ ಆ ಕೊರತೆಯೆಲ್ಲ ಕಾಣುವುದು ಪಂಪು ಇರುವ ಕೊನೆಯ ಖಾನೆಯಲ್ಲೇ. ನೆಲಕ್ಕೆ ಹೋದ ನಲವತ್ತು ಲೀಟರನ್ನು ಮತ್ತೆ ತುಂಬದೆ ಚಾಲೂ ಮಾಡಿದ್ದರಿಂದ ಖಾನೆ ಬರಿದಾಗಿ, ನಾನು ವಾಪಸು ಬರುವಷ್ಟರಲ್ಲಿ ಪಂಪು ಒಣಗಿ ಓಡಿ ಸುಟ್ಟಿತ್ತು. ಮೀನುಗಳು ನೀರಿನ ಮೇಲೆ ಬಾಯಿ ತೆರೆದು ನಿಂತಿದ್ದವು. ಬ್ಯಾಟರಿಯ ಏರ್ ಪಂಪು ಮನೆಯಲ್ಲಿ ಇದ್ದದ್ದರಿಂದ ಅವು ಉಳಿದವು. ನೀವೂ ಒಂದು ಇಟ್ಟುಕೊಳ್ಳಿ, ದುಬಾರಿಯದೇನಲ್ಲ.

ಎನ್‌ಆರ್‌ವಿಯನ್ನು ಬಿಚ್ಚಿ ನೋಡೋಣವೆಂದರೆ ಅದನ್ನು ಸಾಲ್ವೆಂಟ್ ಹಾಕಿ ಅಂಟಿಸಿಬಿಟ್ಟಿದ್ದರು, ತಿರುಗಿಸಿ ಬಿಚ್ಚಬಹುದಾದ ಜೋಡಣೆ, ಅಂದರೆ ಯೂನಿಯನ್ ಇರಲಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಪೈಪು ಕೊಯ್ದು ತೆಗೆದೆವು. ಒಳಗಿನ ರಬ್ಬರ್ ಬಿಲ್ಲೆಯ ಸುತ್ತ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಒರಟಾಗಿ ಕಟ್ಟಿತ್ತು. ಬಿಲ್ಲೆ ಮತ್ತು ಅದು ಕೂರುವ ಅಂಚಿನ ನಡುವೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಶಂಖದ ಹುಳು ಸಿಕ್ಕಿಕೊಂಡಿತ್ತು. ಗಿಡಗಳ ಜೊತೆ ತೊಟ್ಟಿಗೆ ಬಂದು ಸೇರುವ ಅದೇ ಪುಟ್ಟ ಹುಳು. ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದೆ. ಎನ್‌ಆರ್‌ವಿ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಇಲ್ಲವೆಂದೇ ತಿಳಿದು ಲೆಕ್ಕ ಹಾಕಿ, ಆಮೇಲೆ ಬೇಕಾದರೆ ಹಾಕಿಸಿ, ಅದರ ಎರಡೂ ಕಡೆ ಯೂನಿಯನ್ ಇರಲಿ. ಪಂಪಿಗೂ ಹಾಗೆಯೇ, ತೊಳೆಯಲು ಕೈಯಿಂದ ಬಿಚ್ಚಲಾಗದ ಪಂಪನ್ನು ಯಾರೂ ತೊಳೆಯುವುದಿಲ್ಲ.

ದುರಸ್ತಿ ಎಲ್ಲಕ್ಕಿಂತ ಕಷ್ಟವಾಯಿತು. ಎರಡನೇ ಪೈಪಿಗೆ ಹಿಂಬದಿಯ ಗಾಜಿನಲ್ಲಿ ತೂತು ಬೇಕಿತ್ತು, ತೊಟ್ಟಿಗೂ ಗೋಡೆಗೂ ನಡುವೆ ಇದ್ದದ್ದು ಮೂರು ಬೆರಳಿನ ಜಾಗ. ಮೀನುಗಳನ್ನು ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಹಾಕಿ, ಸೆರಾಮಿಕ್ ಉಂಗುರಗಳನ್ನು ಒಣಗಲು ಬಿಡದೆ ಅದೇ ನೀರಿನಲ್ಲಿ ಮುಳುಗಿಸಿಟ್ಟು, ತೊಟ್ಟಿ ಖಾಲಿ ಮಾಡಿದೆವು. 12 ಮಿಲಿಮೀಟರ್ ದಪ್ಪದ ಗಾಜಿನ ತೂಕವೇ 120 ಕಿಲೋ. ಆರು ಜನ ಸೇರಿ ಎಳೆದರು. ಡೈಮಂಡ್ ಬಿಟ್ಟಿನಿಂದ, ನೀರು ಹನಿಸುತ್ತಾ, ನಿಧಾನವಾಗಿ ಕೊರೆದ ಅರ್ಧ ಗಂಟೆಯಲ್ಲಿ ನಾನು ಉಸಿರು ಬಿಟ್ಟೆನೋ ಇಲ್ಲವೋ ತಿಳಿಯದು. ಸಾದಾ ಗಾಜಾದ್ದರಿಂದ ಸಾಧ್ಯವಾಯಿತು. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜನ್ನು ಕೊರೆಯಲಾಗುವುದಿಲ್ಲ, ಬಿಟ್ ತಾಗಿದರೆ ಇಡೀ ಹಲಗೆ ಚೂರುಚೂರಾಗುತ್ತದೆ. ಗಾಜು ಕತ್ತರಿಸುವ ಮೊದಲೇ ಎಲ್ಲ ತೂತುಗಳನ್ನೂ ಚಿತ್ರದಲ್ಲಿ ಗುರುತಿಸಿ ಕೊಡಿ. ಗೋಡೆಯಿಂದ ಕೈ ಆಡುವಷ್ಟು, ಅರ್ಧ ಅಡಿಯಾದರೂ ಬಿಡಿ. ಕೆಳತೊಟ್ಟಿಯನ್ನು ಪೆಟ್ಟಿಗೆಯ ಬಾಗಿಲಿನಿಂದ ಹೊರಗೆಳೆಯಲು ಆಗುತ್ತದೆಯೇ ಎಂದು ಬಡಗಿಯ ಮುಂದೆಯೇ ಅಳೆದು ನೋಡಿ.

ಗಾಜಿನ ತೂತಿಗೆ ಹಾಕುವ ಟ್ಯಾಂಕ್ ನಿಪ್ಪಲ್‌ನ ರಬ್ಬರ್ ವಾಷರ್ ಅಗಲ ಅಂಚಿರುವ ಕಡೆ, ನೀರಿನ ಬದಿಗೆ ಇರಬೇಕು. ಕೈಯಿಂದ ಬಿಗಿ ಮಾಡಿ ಮೇಲೆ ಕಾಲು ಸುತ್ತು ಸಾಕು, ಸ್ಪ್ಯಾನರಿನಿಂದ ಜಗ್ಗಿದರೆ ಗಾಜು ಬಿರಿಯುತ್ತದೆ. ಹಿತ್ತಾಳೆಯ ವಾಲ್ವುಗಳನ್ನು ಒಪ್ಪಬೇಡಿ. ಹಿತ್ತಾಳೆಯಲ್ಲಿರುವ ತಾಮ್ರ ಸಿಗಡಿ, ಶಂಖದ ಹುಳುಗಳಿಗೆ ವಿಷ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು ಸಾಕು.

ಮೇಲೇರುವ ಪೈಪಿನ ಬಾಯಿಯನ್ನು ಈಗ ನೀರಿನ ಮಟ್ಟದಿಂದ ಎರಡೇ ಸೆಂಟಿಮೀಟರ್ ಕೆಳಗೆ ತಂದಿದ್ದೇವೆ, ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಗಾಳಿ ಎಳೆಯಲು ಅದೇ ಪೈಪಿನಲ್ಲಿ ಒಂದು ಸಣ್ಣ ತೂತನ್ನೂ ಕೊರೆದಿದ್ದೇವೆ. ಅದರಲ್ಲಿ ಪಾಚಿ ಕಟ್ಟುತ್ತದೆ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ವಾರಕ್ಕೊಮ್ಮೆ ಉಜ್ಜುತ್ತೇನೆ. ಮೇಷ್ಟ್ರ ಮನೆಯ ಚಾವಣಿಗೆ ಬಣ್ಣ ಹೊಡೆಸಿಕೊಟ್ಟೆವು, ವೈರಿಂಗ್ ಪರೀಕ್ಷೆ ಮಾಡಿಸಿದೆವು.

ಕೆಳತೊಟ್ಟಿಯ ಗಾಜಿಗೆ ಕೆಂಪು ಟೇಪಿನ ಎರಡು ಗೆರೆ ಅಂಟಿಸಿದ್ದೇನೆ. ಒಂದು ಪಂಪು ಓಡುವಾಗಿನ ಮಟ್ಟ, ಇನ್ನೊಂದು ನಿಂತಾಗ ನೀರು ಏರಬಹುದಾದ ಮಟ್ಟ. ತಿಂಗಳ ಮೊದಲ ಭಾನುವಾರ ಹಗಲು ಹೊತ್ತಿನಲ್ಲಿ ಪಂಪಿನ ಸ್ವಿಚ್ ಆರಿಸಿ ಎದುರು ಕೂರುತ್ತೇನೆ. ಮತ್ತೆ ಚಾಲೂ ಮಾಡಿ, ಇಳಿಯುವ ಪೈಪಿನ ಬಾಯಿಗೆ ಬಟ್ಟೆ ಒತ್ತಿ, ಎರಡನೇ ಪೈಪಿನಲ್ಲಿ ನೀರು ಬೀಳುವ ಸದ್ದು ಕೇಳುತ್ತೇನೆ. ಈ ಎರಡು ಪರೀಕ್ಷೆಗಳನ್ನು ಮೀನು ಬಿಡುವ ಮೊದಲೇ, ಕೆಲಸ ಮಾಡಿದವರ ಎದುರಿಗೇ ಮಾಡಿಸಿ, ಆಮೇಲೆ ಅವರ ಕೈಗೆ ಹಣ ಕೊಡಿ. ಕಳೆದ ಭಾನುವಾರ ನಮ್ಮ ಕೆಳತೊಟ್ಟಿಯ ನೀರು ಅಂಚಿಗಿಂತ ಹತ್ತು ಸೆಂಟಿಮೀಟರ್ ಕೆಳಗೆ, ಮೇಲಿನ ಟೇಪಿನ ಮೇಲೆಯೇ ಬಂದು ನಿಂತಿತು.