ಪೈಥಾನ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ. ನಮ್ಮಲ್ಲಿ ತೋಟದ ಮಳೆ ಲೆಕ್ಕ, ಕಾಫಿ ಚೀಲದ ಲೆಕ್ಕ, ಇಷ್ಟಕ್ಕೇ ಬಳಕೆ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ವೇಗದ ವಿಚಾರ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಇಲ್ಲಿ ಕೋಡ್ ಓದುವ ಸುಖದುಃಖ ಮಾತ್ರ.

ಕೊಡಗಿನಲ್ಲಿ ಮಳೆ ಎಂದರೆ ಇಂಚು, ಸೆಂಟು. ನೂರು ಸೆಂಟಿಗೆ ಒಂದಿಂಚು. ಬೆಳಿಗ್ಗೆ ಮಳೆಮಾಪಕದಲ್ಲಿ ಎರಡಿಂಚು ಐದು ಸೆಂಟು ಕಂಡರೆ ಅದು 2.05. ಅವಸರದಲ್ಲಿ 2.5 ಎಂದು ಹೊಡೆದರೆ 45 ಸೆಂಟು ಮಳೆ ಪುಸ್ತಕದಲ್ಲೇ ಸುರಿದ ಹಾಗೆ. ಅದಕ್ಕೇ ಎರಡನ್ನೂ ಬೇರೆಬೇರೆ ಕೇಳಿಸಿ ಹೀಗೆ ಬರೆಯುವುದು:

ಮಳೆ_ಸೆಂಟು = ಇಂಚು * 100 + ಸೆಂಟು

ಇದು ಹೀಗೆಯೇ ಓಡುವ ಕೋಡ್. 2008ರಲ್ಲಿ ಬಂದ ಪೈಥಾನ್ 3ರಿಂದಲೇ ಹೆಸರುಗಳನ್ನು ಕನ್ನಡದಲ್ಲಿ ಇಡಬಹುದು. "ಮ = ಅ * 100 + ಬ" ಎಂದರೂ ಯಂತ್ರಕ್ಕೆ ಒಂದೇ; ಮುಂದಿನ ಜೂನ್‌ನಲ್ಲಿ ಫೈಲ್ ತೆರೆಯುವವರಿಗೆ ಒಂದೇ ಅಲ್ಲ. ಜಾವಾ ಎಂಬ ಇನ್ನೊಂದು ಭಾಷೆಯ ಉದ್ದ ಬೇರೆ ಜಾತಿಯದು. 2025ರ ಜಾವಾ 25 ಬರುವ ತನಕ ಪುಟ್ಟ ಪ್ರೋಗ್ರಾಮಿಗೂ ಕ್ಲಾಸ್ ಎಂಬ ಹೊದಿಕೆ, ಅದರೊಳಗೆ ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್ ಎಂಬ ಕಡ್ಡಾಯ ಸಾಲು. ಅಷ್ಟುದ್ದ ಬರೆದರೂ ಮಳೆಯ ಬಗ್ಗೆ ಒಂದಕ್ಷರ ಇಲ್ಲ.

ಸಿಟ್ಟು ಬಂದದ್ದು ಕಾಫಿ ಲೆಕ್ಕದಲ್ಲಿ. 50 ಕೆ.ಜಿ. ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ ಔಟ್‌ಟರ್ನ್ (ಓಟಿ; ಸಿಪ್ಪೆ ತೆಗೆದಾಗ ಸಿಗುವ ಬೇಳೆಯ ಕೆ.ಜಿ.) 27 ಬಂದರೆ 27ನ್ನು ಓಟಿ ದರದಿಂದ, ಅಂದರೆ ಒಂದು ಓಟಿಯ ಬೆಲೆಯಿಂದ, ಗುಣಿಸಬೇಕು. ಬರೀ "ದರ" ಎಂದು ಹೆಸರಿಟ್ಟರೆ ಯಾರಾದರೂ ಚೀಲದ ದರವನ್ನೇ ತುಂಬುತ್ತಾರೆ, ಬಿಲ್ಲು 27 ಪಟ್ಟು. ಹಾಗಾಗಿ "ಔಟ್‌ಟರ್ನ್_ದರ" ಎಂದು ಪೂರ್ತಿ ಬರೆದರೆ ಸಿಂಟ್ಯಾಕ್ಸ್ ಎರರ್ (ಬರೆಯುವ ನಿಯಮ ತಪ್ಪಿದೆ ಎಂಬ ದೂರು)! ಕಾಣದ ಅಕ್ಷರ ಯು+200ಸಿ ಇದೆಯಂತೆ. ಟ್ ಮತ್ತು ಟ ಒತ್ತಾಗಿ ಕೂಡದಿರಲೆಂದು ನಡುವೆ ಹಾಕುವ ಅಕ್ಷರ ಅದು. ಕನ್ನಡದಲ್ಲಿ ಟೈಪ್ ಮಾಡುವವರಿಗೆಲ್ಲ ಗೊತ್ತು. ಉದ್ಧರಣ ಚಿಹ್ನೆಯೊಳಗೆ ಇದ್ದರೆ ಪೈಥಾನ್ ಸುಮ್ಮನಿರುತ್ತದೆ, ಹೆಸರಿನಲ್ಲಿದ್ದರೆ ಒಪ್ಪುವುದಿಲ್ಲ. ಅಳಿಸಿದರೆ "ಔಟ್ಟರ್ನ್", ಓದಲು ಕಲ್ಲು ಕಡಿದಂತೆ. ಕೊನೆಗೆ ಮಂಡಿಯವರ ಬಾಯಿಮಾತೇ ಗತಿ:

ಚೀಲದ_ಬೆಲೆ = ಓಟಿ * ಓಟಿ_ದರ

ಗಿಡ್ಡ ಹೆಸರೇ, ಆದರೂ ಇಲ್ಲಿ ಎಲ್ಲರಿಗೂ ಅರ್ಥವಾಗುವಂಥದ್ದು.

ಇನ್ನು ಲಿಸ್ಟ್ ಕಾಂಪ್ರಹೆನ್ಷನ್, ಅಂದರೆ ಒಂದೇ ಸಾಲಿನಲ್ಲಿ ಪಟ್ಟಿ ಕಟ್ಟುವ ರೀತಿ. ಒಂದು ಫಾರ್ (ಮತ್ತೆ ಮತ್ತೆ ಮಾಡಿಸುವ ಲೂಪ್), ಒಂದು ಇಫ್ (ಷರತ್ತು) ಇರುವವರೆಗೆ ಚೆಂದ. ಎರಡನೇ ಫಾರ್ ಹೊಕ್ಕರೆ ಸಾಮಾನ್ಯ ಲೂಪಿಗೆ ಬಿಡಿಸಿಬಿಡಿ, ನಾಲ್ಕು ಸಾಲು ಹೆಚ್ಚಾದರೆ ನಷ್ಟವಿಲ್ಲ.

ಐದಕ್ಕೆ ಮೂರೂವರೆ ಕೊಡುವವರಿದ್ದೆವು. ಅರ್ಧ ಸೇರಿಸಿದ್ದು ಒಂದು ಸಣ್ಣ ಖುಷಿಗೆ: ಮಳೆಪುಸ್ತಕದಲ್ಲಿ ಹಿರಿಯರು ಬರೆದಂತೆಯೇ "೨೫" ಎಂದು ಟೈಪ್ ಮಾಡಿ, ಅಕ್ಷರವನ್ನು ಸಂಖ್ಯೆಯಾಗಿಸುವ ಇಂಟ್‌ಗೆ ಕೊಟ್ಟರೆ, ತಕರಾರಿಲ್ಲದೆ 25 ಎಂದು ಓದಿಕೊಳ್ಳುತ್ತದೆ.