ಲಾಕ್ ಫೈಲ್ ಡಿಲೀಟ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಹೋದ ತಿಂಗಳು ನಾನು ಮಾಡಿಕೊಂಡ ಎಡವಟ್ಟು ಇದು. ನಿಮಗೂ ಆಗದಿರಲಿ ಅಂತ ಬರೆಯುತ್ತಿದ್ದೇನೆ. ಲಾಕ್ ಫೈಲ್ ಅಂದರೆ ಪ್ರಾಜೆಕ್ಟಿನಲ್ಲಿ ಬಳಸುವ ಪ್ಯಾಕೇಜುಗಳ (ಬೇರೆಯವರು ಬರೆದಿಟ್ಟ ರೆಡಿ ಕೋಡ್) ಯಾವ್ಯಾವ ವರ್ಷನ್ ಹಾಕಬೇಕು ಅಂತ ಬರೆದಿಟ್ಟ ಫೈಲ್.

ನಮ್ಮದೊಂದು ಹಳೇ ರಿಯಾಕ್ಟ್ (ವೆಬ್ ಪೇಜು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಪ್ರಾಜೆಕ್ಟ್. ತಾರೀಕುಗಳಿಗೆ ಮೊಮೆಂಟ್ ಅನ್ನುವ ಪ್ಯಾಕೇಜ್ ಬಳಸುತ್ತಿದ್ದೆವು. ಹೊಸ ಪ್ರಾಜೆಕ್ಟಿಗೆ ಇದು ಬೇಡ ಅಂತ ಅದನ್ನು ಮಾಡಿದವರೇ 2020ರಲ್ಲಿ ಹೇಳಿದ್ದಾರೆ. ಅದಕ್ಕೇ ಅದೇ ಕೆಲಸ ಮಾಡುವ ಡೇಜೆಎಸ್‌ಗೆ ಬದಲಾಯಿಸಿದೆ. ಅಲ್ಲಿವರೆಗೂ ಸರಿಯಾಗೇ ಇತ್ತು. ಕೆಟ್ಟಿದ್ದು ಆಮೇಲೆ ಕಸ ಗುಡಿಸಲು ಹೋದಾಗ.

ಡೆಪ್‌ಚೆಕ್ ಅನ್ನುವ ಟೂಲ್ ಓಡಿಸಿದೆ. ಬಳಸದ ಪ್ಯಾಕೇಜುಗಳ ಪಟ್ಟಿ ಕೊಟ್ಟಿತು. ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿಯಿರುವ ಪ್ಯಾಕೇಜ್.ಜೇಸನ್ ತೆರೆದು ಅಷ್ಟೂ ಸಾಲುಗಳನ್ನು ಕೈಯಲ್ಲೇ ಅಳಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲಾ ಓಡಿತು. ಓಡದೆ ಏನು, ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಹಳೇ ಪ್ಯಾಕೇಜುಗಳೆಲ್ಲ ಹಾಗೇ ಕೂತಿದ್ದವಲ್ಲ! ಶುಕ್ರವಾರ ಸಂಜೆ ಕೋಡನ್ನು ಸರ್ವರ್‌ಗೆ ಪುಶ್ ಮಾಡಿದೆ. (ಹೌದು, ಶುಕ್ರವಾರ, ಕೆಟ್ಟರೆ ರಜೆಯೇ ಹಾಳು. ಬೈಯಬೇಡಿ.)

ಸರ್ವರ್‌ನಲ್ಲಿ ಬಿಲ್ಡ್ (ಕೋಡನ್ನು ಓಡುವ ಆ್ಯಪ್ ಆಗಿ ಕಟ್ಟುವುದು) ಫೇಲ್. ಪ್ಯಾಕೇಜ್ ಇನ್‌ಸ್ಟಾಲ್ ಮಾಡಲು ನಾವು ಬಳಸುವುದು ಪಿಎನ್‌ಪಿಎಂ. ಸರ್ವರ್ ಬಿಲ್ಡಿನಲ್ಲಿ ಪ್ಯಾಕೇಜ್.ಜೇಸನ್‌ಗೂ ಲಾಕ್ ಫೈಲಿಗೂ ತಾಳೆಯಾಗದಿದ್ದರೆ ಅದು ಮುಂದಕ್ಕೇ ಹೋಗುವುದಿಲ್ಲ. ನಾನು ಕೈಯಲ್ಲಿ ಅಳಿಸಿದ್ದು ಲಾಕ್ ಫೈಲಿಗೆ ಗೊತ್ತೇ ಇರಲಿಲ್ಲ. ಆಗ ಎಲ್ಲರೂ ಹೇಳುವ ಮನೆಮದ್ದು ಮಾಡಿದೆ. ಲಾಕ್ ಫೈಲ್, ನೋಡ್ ಮಾಡ್ಯೂಲ್ಸ್ ಎರಡನ್ನೂ ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಕೊಟ್ಟೆ. ಈಗ ಸಾಸ್ (ಪೇಜಿನ ಸ್ಟೈಲ್ ಫೈಲುಗಳಿಗೆ ಬೇಕಾದ ಪ್ಯಾಕೇಜ್) ಸಿಗುತ್ತಿಲ್ಲ ಅಂತ ಎರರ್. ಸಾಸನ್ನು ನಮ್ಮ ಯಾವ ಫೈಲೂ ಇಂಪೋರ್ಟ್ ಮಾಡುವುದಿಲ್ಲ, ಬಿಲ್ಡ್ ಮಾಡುವ ಟೂಲ್ ವೀಟ್ ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕೇ ಅದರ ಬಳಕೆ ಡೆಪ್‌ಚೆಕ್ ಕಣ್ಣಿಗೆ ಬಿದ್ದಿರಲಿಲ್ಲ, ಬಳಸದ ಪಟ್ಟಿಗೆ ಸೇರಿಸಿತ್ತು. ವಾಪಸ್ ಹಾಕಿದೆ. ಬಿಲ್ಡ್ ಪಾಸಾಯಿತು. ಮನೆಗೆ ಹೋದೆ.

ಸೋಮವಾರ ಕ್ಲೈಂಟ್ ಫೋನ್: ರಿಪೋರ್ಟ್ ಪೇಜಿನ ಚಾರ್ಟೆಲ್ಲ ಖಾಲಿ. ಚಾರ್ಟಿಗೂ ನಾನು ಅಳಿಸಿದ್ದಕ್ಕೂ ಸಂಬಂಧವೇ ಇಲ್ಲ, ಅಲ್ವಾ? ಅರ್ಧ ದಿನ ನಮ್ಮ ಕೋಡ್‌ನಲ್ಲೇ ಸುಮ್ನೆ ತಡಕಾಡಿದೆ. ಕೊನೆಗೆ ಲಾಕ್ ಫೈಲಿನ ಡಿಫ್ (ಹಳೇದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ) ತೆಗೆದರೆ ಸಾವಿರಾರು ಸಾಲು ಬದಲಾಗಿವೆ. ಪ್ಯಾಕೇಜ್.ಜೇಸನ್‌ನಲ್ಲಿ ವರ್ಷನ್ ಮುಂದೆ ^ ಗುರುತಿದ್ದರೆ ಅದೇ ಮೇಜರ್ ವರ್ಷನ್ನಿನಲ್ಲಿ (ಅಂದರೆ ಮೊದಲ ಅಂಕಿ ಅದೇ ಇದ್ದರೆ) ಹೊಸದಾಗಿ ಬಂದಿದ್ದು ಒಳಗೆ ಬರಬಹುದು. ಹಾಗೆ ಬರದಂತೆ ಹಿಡಿದಿಟ್ಟಿದ್ದೇ ಲಾಕ್ ಫೈಲ್. ಅದನ್ನೇ ಎಸೆದಿದ್ದೆ. ಚಾರ್ಟ್ ಲೈಬ್ರರಿ ಸದ್ದಿಲ್ಲದೆ ಹೊಸದಾಗಿತ್ತು.

ಹಳೇ ಲಾಕ್ ಫೈಲನ್ನೂ ಪ್ಯಾಕೇಜ್.ಜೇಸನ್ನನ್ನೂ ಹಳೇ ಬದಲಾವಣೆಗಳನ್ನೆಲ್ಲ ಉಳಿಸಿಡುವ ಗಿಟ್‌ನಿಂದ ವಾಪಸ್ ತಂದೆ. ಈ ಸಲ ಕೈಯಲ್ಲಿ ಅಳಿಸಲಿಲ್ಲ. ಪಿಎನ್‌ಪಿಎಂ ರಿಮೂವ್ ಕೊಟ್ಟು ಒಂದೊಂದೇ ತೆಗೆದೆ, ಪ್ರತಿ ಸಲ ಬಿಲ್ಡ್ ಮಾಡಿ ಕಮಿಟ್ ಮಾಡಿದೆ. ಡಿಫ್‌ನಲ್ಲಿ ಆ ಪ್ಯಾಕೇಜು, ಅದು ಜೊತೆಗೆ ಎಳೆದುಕೊಂಡು ಬಂದಿದ್ದವು, ಅಷ್ಟೇ ಹೋಗಿದ್ದವು. ಚಾರ್ಟ್ ಇದ್ದ ವರ್ಷನ್ನಿನಲ್ಲೇ ಇತ್ತು.

ತಮಾಷೆ ಅಂದರೆ ಮೊಮೆಂಟ್ ಇನ್ನೂ ಪೂರ್ತಿ ಹೋಗಿಲ್ಲ. ಅದು ಯಾಕಿದೆ ಅಂತ ಹೇಳುವ ಪಿಎನ್‌ಪಿಎಂ ವೈ ಕಮಾಂಡ್ ಕೇಳಿದರೆ, ಹಳೇ ಕ್ಯಾಲೆಂಡರ್ ಪ್ಯಾಕೇಜೊಂದು ಅದನ್ನು ಹಿಡಿದುಕೊಂಡಿದೆಯಂತೆ. ಅದರ ಸರದಿ ಮುಂದಿನ ವಾರ. ಮಂಗಳವಾರ.