ಸ್ಪೆಷಲ್ಸ್, ಮ್ಯಾಡ್‌ನೆಸ್, ಸೆಲೆಕ್ಟರ್, ಬೀಟ್: ಯಾವುದರಿಂದ ಶುರು ಮಾಡೋದು?

ಕೊನೆಯವರೆಗೆ ಓದುವಷ್ಟು ಪುರುಸೊತ್ತು ಇಲ್ಲದವರಿಗೆ ಸ್ಕಾ ಅನ್ನೋ ಕುಣಿತದ ಸಂಗೀತ ನುಡಿಸಿದ ಈ ನಾಲ್ಕು ಬ್ಯಾಂಡ್‌ಗಳ ಬಗ್ಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಆಲ್ಬಂ ಕೇಳುತ್ತೀರಿ ಅಂದರೆ ಬೀಟ್‌ನ ಮೊದಲ ಆಲ್ಬಂ ಕೇಳಿ. ಒಂದು ಬ್ಯಾಂಡ್‌ನ ಹಿಂದೆ ಬೀಳುತ್ತೀರಿ ಅಂದರೆ ಸ್ಪೆಷಲ್ಸ್ ಹಿಂದೆ ಬೀಳಿ. ನಾಲ್ಕು ಜನ ಸೇರಿದ ಕಡೆ ಹಾಕೋಕೆ ಮ್ಯಾಡ್‌ನೆಸ್. ಸೆಲೆಕ್ಟರ್ ಯಾರಿಗೆ ಅನ್ನೋದನ್ನು ಹೇಳೋಕೆ ಸ್ವಲ್ಪ ಜಾಗ ಬೇಕು, ಕೆಳಗೆ ಬರುತ್ತೇನೆ.

ಈ ನಾಲ್ಕೂ ಇಂಗ್ಲೆಂಡಿನ ಬ್ಯಾಂಡ್‌ಗಳು. ನಾಲ್ಕೂ 1979ರಲ್ಲಿ ಟು ಟೋನ್ ಅನ್ನೋ ಒಂದೇ ಪುಟ್ಟ ಲೇಬಲ್‌ನಿಂದ, ಅಂದರೆ ರೆಕಾರ್ಡ್ ಕಂಪನಿಯಿಂದ, ಹೊರಬಂದವು. ನುಡಿಸಿದ್ದು ಸ್ಕಾ. ಅದು ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಗೆ. ದುಡಿಮೆ ಹುಡುಕಿಕೊಂಡು ಇಂಗ್ಲೆಂಡಿಗೆ ಬಂದ ಕೆರಿಬಿಯನ್ ಜನರ ಜೊತೆ ಜಮೈಕಾದ ಗಾಯಕ ಪ್ರಿನ್ಸ್ ಬಸ್ಟರ್‌ನಂಥವರ ರೆಕಾರ್ಡ್‌ಗಳೂ ಬಂದವು, ಅಲ್ಲಿನ ಬಿಳಿ ಹುಡುಗರೂ ಅವುಗಳಿಗೆ ಕುಣಿದರು, ಆಮೇಲೆ ಮರೆತರು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಪಂಕ್ ಅನ್ನೋ ಒರಟು ರಾಕ್ ಸಂಗೀತ ಕೇಳಿ ಬೆಳೆದ ಹುಡುಗರು ಅದನ್ನೇ ಮತ್ತೆ ಎತ್ತಿಕೊಂಡು ಜಾಸ್ತಿ ಸಿಟ್ಟಿನಲ್ಲಿ, ಜಾಸ್ತಿ ವೇಗದಲ್ಲಿ ಬಾರಿಸಿದರು.

ಸ್ಕಾ ಕೇಳೇ ಇಲ್ಲದವರು ಹೀಗೆ ಮಾಡಿ ನೋಡಿ. ತೊಡೆ ಮೇಲೆ ಸುಮ್ನೆ ತಾಳ ಹಾಕಿ. ಕೈ ತೊಡೆಗೆ ಬಿದ್ದಾಗ ಸುಮ್ಮನಿರಿ, ಕೈ ಮೇಲೆದ್ದಾಗ ‘ಚಕ್’ ಅನ್ನಿ. ಆ ‘ಚಕ್’ ಇರೋ ಜಾಗದಲ್ಲೇ ಗಿಟಾರ್ ಬೀಳುತ್ತದೆ. ಹಾಡು ಮುಗಿಯೋವರೆಗೆ ಬೀಳುತ್ತಲೇ ಇರುತ್ತದೆ. ಕೂತಲ್ಲಿ ಕೂರೋಕೆ ಬಿಡದೆ ಇರೋದು ಅದೇ.

ಹೋಲಿಕೆಗೆ ನಾಲ್ಕೂ ಬ್ಯಾಂಡ್‌ಗಳ ಮೊದಲ ಆಲ್ಬಂಗಳನ್ನೇ ಹಿಡಿದೆ. ಎಲ್ಲವೂ 1979ರ ಅಕ್ಟೋಬರ್‌ನಿಂದ 1980ರ ಮೇ ತಿಂಗಳೊಳಗೆ ಬಂದವು, ಹಾಗಾಗಿ ಒಬ್ಬರಿಗೆ ಅನುಕೂಲ ಇನ್ನೊಬ್ಬರಿಗೆ ಅನ್ಯಾಯ ಅಂತೇನಿಲ್ಲ. ಮೊದಲು ಹೆಡ್‌ಫೋನ್‌ನಲ್ಲಿ, ಆಮೇಲೆ ಅಡುಗೆಮನೆಯ ಬ್ಲೂಟೂತ್ ಸ್ಪೀಕರ್‌ನಲ್ಲಿ. ಹೆಡ್‌ಫೋನ್‌ನಲ್ಲಿ ಯಾರು ಏನು ನುಡಿಸುತ್ತಿದ್ದಾರೆ ಅಂತ ತಿಳಿಯುತ್ತದೆ. ಕುಕ್ಕರ್ ಕೂಗುತ್ತಿರುವಾಗಲೂ ಕೈಯಲ್ಲಿದ್ದ ಸೌಟು ತಾಳಕ್ಕೆ ಸರಿಯಾಗಿ ಆಡುತ್ತಿದ್ದರೆ ಹಾಡು ಪಾಸ್.

ಸ್ಪೆಷಲ್ಸ್‌ನಿಂದಲೇ ಶುರು ಮಾಡಬೇಕು, ಯಾಕೆಂದರೆ ಅಂಗಡಿ ತೆರೆದವರೇ ಅವರು. ಊರು ಕವೆಂಟ್ರಿ. ಕಾರು ಕಾರ್ಖಾನೆಗಳನ್ನೇ ನಂಬಿಕೊಂಡಿದ್ದ ಊರು, ಆ ಹೊತ್ತಿಗೆ ಆ ಕೆಲಸಗಳೇ ಕೈಬಿಡುತ್ತಿದ್ದವು. 1977ರಲ್ಲಿ ಬ್ಯಾಂಡ್ ಕಟ್ಟಿದ್ದು ಕೀಬೋರ್ಡ್ ನುಡಿಸುವ ಜೆರ್ರಿ ಡ್ಯಾಮರ್ಸ್, ಪಾದ್ರಿಯೊಬ್ಬರ ಮಗ. ಹುಟ್ಟಿದ್ದು ಎಲ್ಲಿ ಗೊತ್ತಾ? ಊಟಿಯಲ್ಲಿ. ಹೌದು, ಗುಂಡ್ಲುಪೇಟೆ ದಾಟಿ ಬಂಡೀಪುರ ಹಾದು ಹೋಗ್ತೀವಲ್ಲ, ಅದೇ ಊಟಿ. ಪುಟ್ಟ ಮಗುವಾಗಿದ್ದಾಗಲೇ ಮನೆಯವರು ಇಂಗ್ಲೆಂಡಿಗೆ ವಾಪಸ್ ಹೋದರು, ಹಾಗಾಗಿ ಹಾಡುಗಳಲ್ಲಿ ನೀಲಗಿರಿಯನ್ನು ಹುಡುಕೋಕೆ ಹೋಗಬೇಡಿ.

ಏಳು ಜನರ ಬ್ಯಾಂಡ್. ಗಿಟಾರ್‌ನ ಲಿನ್ವಲ್ ಗೋಲ್ಡಿಂಗ್, ಹಾಡುವ ನೆವಿಲ್ ಸ್ಟೇಪಲ್ ಇಬ್ಬರೂ ಜಮೈಕಾದಲ್ಲಿ ಹುಟ್ಟಿದವರು. ಉಳಿದವರು ಬಿಳಿಯರು. ಕಪ್ಪು ಬಿಳಿ ಜನ ಒಂದೇ ವೇದಿಕೆ ಮೇಲೆ ನಿಲ್ಲೋದೇ ಆಗ ಒಂದು ರಾಜಕೀಯ, ಯಾಕೆಂದರೆ ವಲಸಿಗರನ್ನು ದ್ವೇಷಿಸುವ ನ್ಯಾಷನಲ್ ಫ್ರಂಟ್ ಪಕ್ಷದವರು ಬೀದಿಗಿಳಿದಿದ್ದ ಕಾಲ ಅದು. 1978ರಲ್ಲಿ ಕ್ಲ್ಯಾಶ್ ಅನ್ನೋ ಪಂಕ್ ಬ್ಯಾಂಡ್ ಜೊತೆ ಊರೂರು ತಿರುಗಿದರು. 1979ರಲ್ಲಿ ಡ್ಯಾಮರ್ಸ್ ಟು ಟೋನ್ ಲೇಬಲ್ ಶುರು ಮಾಡಿದ. ಅದರ ಮೇಲೆ ಕಪ್ಪು ಸೂಟು, ಟೋಪಿ ಹಾಕಿದ ಒಬ್ಬ ಮನುಷ್ಯನ ಚಿತ್ರ ಇರುತ್ತದಲ್ಲ, ಅದನ್ನು ಜಮೈಕಾದ ಗಾಯಕ ಪೀಟರ್ ಟಾಶ್‌ನ ಹಳೆಯ ಫೋಟೋ ನೋಡಿ ಬರೆದದ್ದು.

ಆಲ್ಬಂ ಹೇಗಿದೆ? ನಿರ್ಮಾಪಕ ಎಲ್ವಿಸ್ ಕಾಸ್ಟೆಲೊ ಏನನ್ನೂ ಪಾಲಿಶ್ ಮಾಡೋಕೆ ಹೋಗಿಲ್ಲ, ಬ್ಯಾಂಡ್ ಹೇಗಿತ್ತೋ ಹಾಗೇ ಹಿಡಿದಿದ್ದಾನೆ. ಹೆಡ್‌ಫೋನ್‌ನಲ್ಲಿ ಇದು ಸೊಗಸು. ಹೊರೇಸ್ ಪ್ಯಾಂಟರ್‌ನ ಬೇಸ್ ಗಿಟಾರ್ ಹಿಂದೆಯೇ ನಡೆದುಕೊಂಡು ಬರುತ್ತದೆ, ಟೆರ್ರಿ ಹಾಲ್ ಮುಖದಲ್ಲಿ ಒಂದು ಗೆರೆ ಅಲ್ಲಾಡಿಸದವನ ಹಾಗೆ ಹಾಡುತ್ತಾನೆ, ಪಕ್ಕದಲ್ಲಿ ಸ್ಟೇಪಲ್ ಕೂಗಾಡುತ್ತಾನೆ. ಈ ಇಬ್ಬರ ನಡುವಿನ ಅಂತರವೇ ಬ್ಯಾಂಡ್‌ನ ರುಚಿ. ಮೊದಲ ಹಾಡು ‘ಎ ಮೆಸೇಜ್ ಟು ಯೂ ರೂಡಿ’, 1967ರಲ್ಲಿ ಡ್ಯಾಂಡಿ ಲಿವಿಂಗ್‌ಸ್ಟನ್ ಹಾಡಿದ್ದು. ಅದರಲ್ಲಿ ಟ್ರೊಂಬೋನ್ ಊದಿದ್ದ ರಿಕೊ ರೊಡ್ರಿಗಸ್ ಅನ್ನೇ ಕರೆತಂದು ಹನ್ನೆರಡು ವರ್ಷದ ಮೇಲೆ ಮತ್ತೆ ಊದಿಸಿದರು. ಹಳಬರನ್ನು ಕದ್ದು ಹೆಸರು ಮಾಡುವ ಬದಲು ಪಕ್ಕದಲ್ಲೇ ನಿಲ್ಲಿಸಿಕೊಂಡರು, ಅದಕ್ಕೊಂದು ಸಲಾಂ.

ಆದರೆ ಅಡುಗೆಮನೆ ಸ್ಪೀಕರ್‌ನಲ್ಲಿ ಇದೇ ಆಲ್ಬಂ ಸೊರಗಿದ ಹಾಗೆ ಕೇಳಿಸಿತು. ಶಬ್ದ ತೆಳು. ಎರಡನೇ ಬದಿಯಲ್ಲಿ ಹೆಂಗಸರ ಬಗ್ಗೆ ಇರುವ ಒಂದೆರಡು ಹಾಡುಗಳು ಇವತ್ತಿಗೆ ಚುಚ್ಚುತ್ತವೆ, ಜನಾಂಗದ ವಿಷಯದಲ್ಲಿ ಅಷ್ಟು ಸೂಕ್ಷ್ಮ ಇದ್ದವರು ಇಲ್ಲಿ ಹೀಗ್ಯಾಕೆ ಅನಿಸುತ್ತದೆ. ಇದಕ್ಕಿಂತ 1980ರ ‘ಟೂ ಮಚ್ ಟೂ ಯಂಗ್’ ಲೈವ್ ಇಪಿ (ಆಲ್ಬಂಗಿಂತ ಚಿಕ್ಕ ರೆಕಾರ್ಡ್) ನನಗೆ ಇಷ್ಟ. ಹೆಸರಿನ ಹಾಡು ಬರೀ ಎರಡು ನಿಮಿಷದ್ದು, ಬ್ರಿಟನ್‌ನಲ್ಲಿ ನಂಬರ್ 1 ಆಯಿತು. ಸ್ಟುಡಿಯೋದಲ್ಲಿ ಆರು ನಿಮಿಷ ಎಳೆದಿದ್ದ ಹಾಡು ವೇದಿಕೆ ಮೇಲೆ ಬಂದೂಕಿನಿಂದ ಹಾರಿದ ಹಾಗೆ ಹೋಗುತ್ತದೆ.

ಮ್ಯಾಡ್‌ನೆಸ್ ಉತ್ತರ ಲಂಡನ್‌ನ ಕ್ಯಾಮ್ಡನ್‌ ಹುಡುಗರು. ಬ್ಯಾಂಡ್‌ನ ಹೆಸರೇ ಪ್ರಿನ್ಸ್ ಬಸ್ಟರ್‌ನ ಹಾಡಿನದು, ಮೊದಲ ಸಿಂಗಲ್ (ಒಂದು ಹಾಡಿಗೆಂದೇ ಬರುವ ಪುಟ್ಟ ರೆಕಾರ್ಡ್) ‘ದ ಪ್ರಿನ್ಸ್’ ಕೂಡ ಅವನಿಗೇ ಕಾಣಿಕೆ. ಟು ಟೋನ್‌ನಲ್ಲಿ ಅದೊಂದನ್ನೇ ಮಾಡಿ ಸ್ಟಿಫ್ ರೆಕಾರ್ಡ್ಸ್‌ಗೆ ಹೋದರು. ಜಗಳ ಏನಿಲ್ಲ, ಒಂದು ಸಿಂಗಲ್ ಮಾಡಿ ಬೇಕಾದರೆ ಹೊರಡಿ ಅನ್ನೋದೇ ಡ್ಯಾಮರ್ಸ್‌ನ ಪದ್ಧತಿ. ಸ್ಟಿಫ್‌ನ ಡೇವ್ ರಾಬಿನ್ಸನ್‌ಗೆ ಇವರ ಕಾರ್ಯಕ್ರಮ ನೋಡೋಕೆ ಸಮಯ ಸಿಕ್ಕಿರಲಿಲ್ಲ, ಅದಕ್ಕೆ ತನ್ನ ಮದುವೆಯಲ್ಲೇ ನುಡಿಸೋಕೆ ಕರೆಸಿದ. ಮದುವೆ ಮನೆಯಲ್ಲಿ ಆಡಿಷನ್!

1979ರ ‘ಒನ್ ಸ್ಟೆಪ್ ಬಿಯಾಂಡ್’ ಆಲ್ಬಂ ಬ್ರಿಟನ್ ಪಟ್ಟಿಯಲ್ಲಿ ನಂಬರ್ 2ರವರೆಗೆ ಹೋಯಿತು. ಅಡುಗೆಮನೆ ಪರೀಕ್ಷೆಯಲ್ಲಿ ಇದಕ್ಕೇ ಮೊದಲ ಸ್ಥಾನ, ಅನುಮಾನವೇ ಇಲ್ಲ. ಶುರುವಿನ ಆ ಕೂಗು, ತಕ್ಷಣ ಲೀ ಥಾಂಪ್ಸನ್‌ನ ಸ್ಯಾಕ್ಸೊಫೋನ್, ಶ್ರುತಿ ಸ್ವಲ್ಪ ಆಚೀಚೆ, ಆದರೆ ಅದೇ ಚೆಂದ. ಸ್ಕಾ ಅಂದರೇನು ಅಂತ ಗೊತ್ತಿಲ್ಲದವರೂ ಎದ್ದು ಬಂದು ಇದ್ಯಾವ ಹಾಡು ಅಂತ ಕೇಳುತ್ತಾರೆ. ‘ಮೈ ಗರ್ಲ್’ನಲ್ಲಿ ಮೈಕ್ ಬಾರ್ಸನ್‌ನ ಪಿಯಾನೋ ಕೇಳಿದರೆ ಇವರು ಮುಂದೆ ಯಾವ ಕಡೆ ಹೋಗುತ್ತಾರೆ ಅಂತ ಅಲ್ಲೇ ಗೊತ್ತಾಗುತ್ತದೆ: ಸ್ಕಾ ಬಿಟ್ಟು ಇಂಗ್ಲಿಷ್ ಪಾಪ್ ಕಡೆಗೆ, ಮನೆ, ಶಾಲೆ, ಬೀದಿ, ಅಪ್ಪ ಅಮ್ಮನ ಕಡೆಗೆ. 1982ರ ‘ಅವರ್ ಹೌಸ್’ ಅಮೆರಿಕದಲ್ಲೂ ಗೆದ್ದಿತು. 2012ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದು ಅರವತ್ತು ವರ್ಷವಾದ ಸಂಭ್ರಮಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ತಾರಸಿ ಮೇಲೆ ನಿಂತು ನುಡಿಸಿದರು. ಸ್ಪೆಷಲ್ಸ್ ಅನ್ನು ಆ ತಾರಸಿ ಮೇಲೆ ಊಹಿಸಿಕೊಳ್ಳಿ ನೋಡೋಣ, ಆಗುತ್ತಾ?

ದೂರು ಏನಂದರೆ, ಹೆಡ್‌ಫೋನ್‌ನಲ್ಲಿ ಮತ್ತೆ ಮತ್ತೆ ಕೇಳಿದಾಗ ಹೊಸದೇನೂ ಸಿಗಲಿಲ್ಲ. ಮೊದಲ ಸಲ ಸಿಕ್ಕಿದ್ದೇ ಸಿಕ್ಕಿದ್ದು. ಇನ್ನೊಂದು, ಇವರು ಪೂರ್ತಿ ಬಿಳಿಯರ ಬ್ಯಾಂಡ್. ಅದಕ್ಕೇ ಏನೋ, ಕೆಲವು ಜನಾಂಗದ್ವೇಷಿ ಪುಂಡರು ಇದು ನಮ್ಮ ಬ್ಯಾಂಡ್ ಅಂದುಕೊಂಡು ಇವರ ಕಾರ್ಯಕ್ರಮಗಳಿಗೆ ಬಂದು ಸೇರುತ್ತಿದ್ದರು. ಬ್ಯಾಂಡ್‌ನವರು ಅವರನ್ನು ದೂರ ಇಟ್ಟರು ನಿಜ, ಆದರೆ ಆ ಮೊದಲ ಆಲ್ಬಂನಲ್ಲಿ ಅವರನ್ನು ಓಡಿಸುವಂಥ ಹಾಡು ಒಂದೂ ಇಲ್ಲ.

ಸೆಲೆಕ್ಟರ್ ಕಥೆ ಉಲ್ಟಾ. ಬ್ಯಾಂಡ್‌ಗಿಂತ ಮೊದಲು ಹಾಡು ಹುಟ್ಟಿತು. ಸ್ಪೆಷಲ್ಸ್‌ನ ಮೊದಲ ಸಿಂಗಲ್ ‘ಗ್ಯಾಂಗ್‌ಸ್ಟರ್ಸ್’ ಹೊರಡುವಾಗ ಇನ್ನೊಂದು ಬದಿಗೆ ಹಾಡು ರೆಕಾರ್ಡ್ ಮಾಡೋಕೆ ಕಾಸಿರಲಿಲ್ಲ. ಅದೇ ಊರಿನ ನಿಯೋಲ್ ಡೇವಿಸ್ ಮೊದಲೇ ಮಾಡಿಟ್ಟಿದ್ದ ಒಂದು ವಾದ್ಯದ ತುಣುಕನ್ನು ‘ಸೆಲೆಕ್ಟರ್’ ಅನ್ನೋ ಹೆಸರಲ್ಲಿ ಹಾಕಿದರು. ರೆಕಾರ್ಡ್ ಓಡಿತು. ಜನ ಸೆಲೆಕ್ಟರ್ ಎಲ್ಲಿ ಅಂದರು. ಆಗ ಡೇವಿಸ್ ಅವಸರದಲ್ಲಿ ಜನ ಸೇರಿಸಿದ, ಏಳರಲ್ಲಿ ಆರು ಮಂದಿ ಕಪ್ಪು ಜನ. ಹಾಡೋಕೆ ಬಂದವಳು ಪಾಲಿನ್ ಬ್ಲ್ಯಾಕ್, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದವಳು. ಗಂಡಸರ ಸೂಟು, ಗಂಡಸರ ಟೋಪಿ. ಈ ನಾಲ್ಕು ಬ್ಯಾಂಡ್‌ಗಳಲ್ಲಿ ಎದುರಿಗೆ ನಿಂತ ಹೆಂಗಸು ಇವಳೊಬ್ಬಳೇ.

1980ರ ‘ಟೂ ಮಚ್ ಪ್ರೆಶರ್’ ಆಲ್ಬಂನಲ್ಲಿ ಅವಳ ದನಿ ಬ್ಲೇಡಿನಷ್ಟು ಹರಿತ. ಅವರ ದೊಡ್ಡ ಹಿಟ್ ‘ಆನ್ ಮೈ ರೇಡಿಯೋ’ದಲ್ಲಿ ದನಿ ಇದ್ದಕ್ಕಿದ್ದ ಹಾಗೆ ಮೇಲಿನ ಸ್ಥಾಯಿಗೆ ಹಾರುತ್ತದಲ್ಲ, ಅದನ್ನು ಜೊತೆಯಲ್ಲಿ ಹಾಡೋಕೆ ಹೋಗಿ ನೋಡಿ, ಗಂಟಲು ಕೈಕೊಡುತ್ತದೆ. ಆದರೆ ಆ ಹಾಡು ಇಂಗ್ಲೆಂಡಿನ ಮೂಲ ಆಲ್ಬಂನಲ್ಲಿ ಇಲ್ಲ. ಬೇರೆಯಾಗಿ ಕೇಳಬೇಕು. ಆಲ್ಬಂ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕಂದರೆ, ಹಾಡುಗಳು ಚೆನ್ನಾಗಿವೆ, ರೆಕಾರ್ಡಿಂಗ್ ಗಡಿಬಿಡಿಯದು. ಎಲ್ಲಾ ಹಾಡೂ ಒಂದೇ ಓಟ, ಉಸಿರು ಬಿಡೋಕೆ ಜಾಗ ಇಲ್ಲ. ಇವರನ್ನು ನೋಡಬೇಕು, ಬರೀ ಕೇಳಿದರೆ ಸಾಲದು. ಆ ಕಾಲದ ವಿಡಿಯೋ ಸಿಗುತ್ತವೆ, ಅವುಗಳಲ್ಲಿ ಪಾಲಿನ್ ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ. ವ್ಯಾಯಾಮ ಮಾಡುವಾಗ, ಓಡುವಾಗ ಕೇಳುವವರಿಗೆ ಸೆಲೆಕ್ಟರ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ.

ಬೀಟ್ ಬರ್ಮಿಂಗ್‌ಹ್ಯಾಮ್‌ನವರು, ಅಮೆರಿಕದಲ್ಲಿ ಇಂಗ್ಲಿಷ್ ಬೀಟ್ ಅಂತ ಕರೆಯುತ್ತಾರೆ. ಇವರೂ ಟು ಟೋನ್‌ನಲ್ಲಿ ಒಂದೇ ಸಿಂಗಲ್ ಮಾಡಿ ಗೋ ಫೀಟ್ ಅಂತ ತಮ್ಮದೇ ಲೇಬಲ್ ಮಾಡಿಕೊಂಡರು. ಡೇವ್ ವೇಕ್ಲಿಂಗ್‌ನ ಮೆತ್ತನೆಯ ದನಿ, ಹದಿಹರೆಯದ ರ‍್ಯಾಂಕಿಂಗ್ ರೋಜರ್‌ನ ಚಟಪಟ ಮಾತು, ಜೊತೆಗೆ ಸ್ಯಾಕ್ಸ. ಈ ಸ್ಯಾಕ್ಸ ಬಗ್ಗೆ ಹೇಳಲೇಬೇಕು. ಜಮೈಕಾದಿಂದ ಬಂದ ಹಿರಿಯ ಸ್ಯಾಕ್ಸೊಫೋನ್ ವಾದಕ, ಹಿಂದೆ ಪ್ರಿನ್ಸ್ ಬಸ್ಟರ್, ಡೆಸ್ಮಂಡ್ ಡೆಕರ್ ಜೊತೆ ನುಡಿಸಿದವನು. ಬ್ಯಾಂಡ್‌ನ ಉಳಿದವರಿಗೆ ಅಪ್ಪನ ವಯಸ್ಸು. ಹುಡುಗರೆಲ್ಲ ಓಡುತ್ತಿರುವಾಗ ಈತ ಮಾತ್ರ ಅವಸರ ಮಾಡುವುದಿಲ್ಲ. ಹಾಡಿನ ಕೊನೆಗೆ ಬಂದು ಉದ್ದ ಉದ್ದ ಸ್ವರ ಎಳೆಯುತ್ತಾನೆ.

‘ಐ ಜಸ್ಟ್ ಕಾಂಟ್ ಸ್ಟಾಪ್ ಇಟ್’ ಶುರುವಾಗೋದೇ ‘ಮಿರರ್ ಇನ್ ದ ಬಾತ್‌ರೂಮ್’ನಿಂದ. ಡೇವಿಡ್ ಸ್ಟೀಲ್‌ನ ಬೇಸ್ ಗಿಟಾರ್ ಒಂದೇ ಸಾಲನ್ನು ಮತ್ತೆ ಮತ್ತೆ ಸುತ್ತುತ್ತದೆ, ಎವೆರೆಟ್ ಮಾರ್ಟನ್‌ನ ಡ್ರಮ್ ಅದರ ಸಂದುಗಳನ್ನು ತುಂಬುತ್ತದೆ. ಕನ್ನಡಿ ಮುಂದೆ ನಿಂತು ತನ್ನ ಜೊತೆ ತಾನೇ ಮಾತಾಡಿಕೊಳ್ಳುವವನ ಹಾಡು. ಕುಣಿಯೋಕೂ ಆಗುತ್ತದೆ, ಕೂತು ಕೇಳಿದರೆ ಒಂಥರಾ ಭಯವೂ ಆಗುತ್ತದೆ. ಮುಂದೆ ಇದೇ ಆಲ್ಬಂನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಕೆಳಗಿಳಿಯಮ್ಮ ಅಂತ ಹೇಳುವ ಹಾಡಿದೆ, ಅದನ್ನು ಎಷ್ಟು ಇಂಪಾಗಿ ಹೇಳುತ್ತಾರೆಂದರೆ ಬೈಗುಳ ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು. ಹೆಡ್‌ಫೋನ್, ಸ್ಪೀಕರ್ ಎರಡರಲ್ಲೂ ಗೆದ್ದದ್ದು ಇದೊಂದೇ. 1983ರಲ್ಲಿ ಬ್ಯಾಂಡ್ ಒಡೆದು ಎರಡಾಯಿತು, ಒಂದು ಕಡೆ ಜನರಲ್ ಪಬ್ಲಿಕ್, ಇನ್ನೊಂದು ಕಡೆ ಫೈನ್ ಯಂಗ್ ಕ್ಯಾನಿಬಲ್ಸ್.

ಹಾಗಾದರೆ ಬ್ಯಾಂಡ್ ಅಂತ ಬಂದಾಗ ಸ್ಪೆಷಲ್ಸ್ ಯಾಕೆ? ‘ಘೋಸ್ಟ್ ಟೌನ್’ನಿಂದ. 1981ರ ಏಪ್ರಿಲ್‌ನಲ್ಲಿ ಲಂಡನ್‌ನ ಬ್ರಿಕ್ಸ್‌ಟನ್ ಗಲಭೆಯಲ್ಲಿ ಹೊತ್ತಿ ಉರಿದಿತ್ತು. ದೇಶದಲ್ಲಿ ನಿರುದ್ಯೋಗಿಗಳ ಸಂಖ್ಯೆ 25 ಲಕ್ಷ ದಾಟಿತ್ತು. ಕವೆಂಟ್ರಿಯಲ್ಲೇ ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯನ್ನು ಜನಾಂಗದ್ವೇಷಿಗಳು ನಡುಊರಿನಲ್ಲಿ ಕೊಂದಿದ್ದರು, ಅದನ್ನು ಖಂಡಿಸಿ ಸ್ಪೆಷಲ್ಸ್ ಜೂನ್‌ನಲ್ಲಿ ಅದೇ ಊರಲ್ಲಿ ಕಾರ್ಯಕ್ರಮ ಕೊಟ್ಟರು. ಅದೇ ತಿಂಗಳು ಈ ಹಾಡು ಹೊರಬಂತು. ಜುಲೈಯಲ್ಲಿ ಲಿವರ್‌ಪೂಲ್‌ನ ಟಾಕ್ಸ್‌ಟೆತ್ ಮತ್ತು ಇತರ ಊರುಗಳಲ್ಲಿ ಗಲಭೆ ನಡೆಯುತ್ತಿದ್ದಾಗ ಹಾಡು ನಂಬರ್ 1 ಸ್ಥಾನದಲ್ಲಿ ಕೂತಿತ್ತು, ಮೂರು ವಾರ. ಇಂಥ ಹೊಂದಾಣಿಕೆ ಬೇರೆ ಯಾವ ಪಾಪ್ ಹಾಡಿಗೂ ಸಿಕ್ಕಿದ್ದು ನಾನು ಕಂಡಿಲ್ಲ.

ಹಾಡಿನ ವೇಗ ನಿಧಾನ. ಆರ್ಗನ್ ಜಾತ್ರೆಯ ರಾಟೆ ತಿರುಗುವ ಹಾಗೆ ಶುರುವಾಗುತ್ತದೆ, ಆದರೆ ಜಾತ್ರೆಯಲ್ಲಿ ಯಾರೂ ಇಲ್ಲ. ಹಿತ್ತಾಳೆ ವಾದ್ಯಗಳು ಮುಖ ಸಿಂಡರಿಸಿಕೊಂಡೇ ಬರುತ್ತವೆ. ನಡುವೆ ಒಂದು ಕಡೆ ಹಳೆಯ ಒಳ್ಳೆಯ ದಿನಗಳ ನೆನಪು ಬಂದು ರಾಗ ಒಮ್ಮೆಲೇ ಬೆಳಗಾಗುತ್ತದೆ, ನಿಮಗೆ ಹಾಯ್ ಅನಿಸುವಷ್ಟರಲ್ಲಿ ಮತ್ತೆ ಕತ್ತಲು. ಆಮೇಲೆ ಆ ಗೋಳು ದನಿಗಳು. ಕೊನೆಯ ಕಡೆ ರಿಕೊನ ಟ್ರೊಂಬೋನ್. ಉದ್ದನೆಯ 12 ಇಂಚಿನ ಆವೃತ್ತಿಯಲ್ಲಿ ಅದಕ್ಕೆ ಪೂರ್ತಿ ಜಾಗ ಸಿಗುತ್ತದೆ, ಅದನ್ನೇ ಕೇಳಿ. ರೆಕಾರ್ಡಿನ ಇನ್ನೊಂದು ಬದಿಯ ‘ವೈ?’ ಬಿಡಬೇಡಿ, ತನ್ನ ಮೇಲೆ ನಡೆದ ಹಲ್ಲೆಯ ಬಗ್ಗೆ ಗೋಲ್ಡಿಂಗ್ ಬರೆದದ್ದು.

ಆ ಹಾಡು ಗೆದ್ದಾಗಲೇ ಬ್ಯಾಂಡ್ ಮುರಿಯಿತು. ಹಾಲ್, ಗೋಲ್ಡಿಂಗ್, ಸ್ಟೇಪಲ್ ಮೂವರೂ ಹೊರಟು ಫನ್ ಬಾಯ್ ತ್ರೀ ಕಟ್ಟಿದರು. ಡ್ಯಾಮರ್ಸ್ ಹೊಸಬರನ್ನು ಹಾಕಿಕೊಂಡು 1984ರಲ್ಲಿ ನೆಲ್ಸನ್ ಮಂಡೇಲಾ ಬಿಡುಗಡೆ ಕೇಳುವ ಹಾಡು ಮಾಡಿದ, ಅದು ಇಂಗ್ಲೆಂಡಿನಲ್ಲಿ ಬಹಳ ಜನಕ್ಕೆ ಮಂಡೇಲಾ ಹೆಸರು ಮುಟ್ಟಿಸಿತು. 2009ರಲ್ಲಿ ಉಳಿದವರು ಮತ್ತೆ ಸೇರಿದರು, ಡ್ಯಾಮರ್ಸ್ ಇಲ್ಲದೆ. 2019ರ ‘ಎನ್‌ಕೋರ್’ ನಂಬರ್ 1 ಆಯಿತು, ಕೇಳಬಹುದು, ಆದರೆ ಹಾಡಿನೊಳಗೆ ಏನಾದರೂ ಎಡವಟ್ಟು ಮಾಡುವ ಡ್ಯಾಮರ್ಸ್‌ನ ಆರ್ಗನ್ ಇಲ್ಲದ ಸ್ಪೆಷಲ್ಸ್ ನನಗೆ ಸಪ್ಪೆ. 2022ರ ಡಿಸೆಂಬರ್‌ನಲ್ಲಿ ಹಾಲ್ ತೀರಿಕೊಂಡ.

ಆ್ಯಪ್‌ಗಳಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ. ಸೆಲೆಕ್ಟರ್, ಬೀಟ್ ಇಬ್ಬರ ಹಳೆಯ ಹಿಟ್‌ಗಳನ್ನು ಮುಂದೆ ಬೇರೆ ಬೇರೆ ತಂಡಗಳು ಮತ್ತೆ ಮತ್ತೆ ರೆಕಾರ್ಡ್ ಮಾಡಿವೆ, ‘ಬೆಸ್ಟ್ ಆಫ್’ ಅಂತ ಕಾಣಿಸುವುದರಲ್ಲಿ ಎಷ್ಟೋ ಅಂಥವೇ. ಮೂಲ ಆಲ್ಬಂನ ಹೆಸರು ಹಾಕಿ ಹುಡುಕಿ. ರೀಮಾಸ್ಟರ್ ಅಂತ ಇದ್ದರೆ ಹಳೆಯ ರೆಕಾರ್ಡಿಂಗನ್ನೇ ಶುಚಿ ಮಾಡಿದ್ದು, ಪರವಾಗಿಲ್ಲ, ರೀ-ರೆಕಾರ್ಡೆಡ್ ಅಂತ ಇದ್ದರೆ ಮುಂದೆ ಹೋಗಿ.